ಬದರೀನಾಥರ ಹಿತ್ತಾಳೆಗೆ ಎರಡು ಹಿಡಿ ಉಪ್ಪು

ಗುರುವಾರ ಮಧ್ಯಾಹ್ನ ಎರಡು ಗಂಟೆಗೆ ಬದರೀನಾಥ ಮನ್ರೋ ಊರಿನ ತಮ್ಮ ಮನೆಯ ಗ್ಯಾರೇಜಿನಿಂದ ಕಾರನ್ನು ಹೊರಗೆ ತೆಗೆದರು. ಬಾಗಿಲನ್ನು ಪೂರ್ತಿ ಮೇಲೆತ್ತಿ, ಖಾಲಿಯಾದ ಜಾಗದಲ್ಲಿ ಮರದ ಮಣೆ ಹಾಕಿಕೊಂಡು, ಕೈಗೆ ರಬ್ಬರ್ ಗ್ಲೌಸ್ ತೊಟ್ಟು ಕುಳಿತರು. ಎದುರಿಗೆ ಎರಡು ಪ್ಲಾಸ್ಟಿಕ್ ಬಕೆಟ್. ಒಂದರಲ್ಲಿ ಐವತ್ತೈದು, ಇನ್ನೊಂದರಲ್ಲಿ ನಲವತ್ತೈದು ಹಿತ್ತಾಳೆಯ ಕೇಸು. ರೈಫಲ್‌ನಿಂದ ಗುಂಡು ಹಾರಿದ ಮೇಲೆ ಉಳಿಯುವ ಖಾಲಿ ಕೊಳವೆಗಳಿವು. ಮಸಿ ಹಿಡಿದಿರುತ್ತವೆ. ತೊಳೆದು, ಅಳತೆ ಸರಿಪಡಿಸಿ, ಹೊಸ ಮದ್ದು ಮತ್ತು ಗುಂಡು ಕೂರಿಸಿದರೆ ಮತ್ತೆ ಬಳಸಬಹುದು. ಕೂರಿಸುವ ಕೆಲಸ ಬದರೀನಾಥರದಲ್ಲ. ಅವರದು ತೊಳೆಯುವುದಷ್ಟೇ.

ಅರವತ್ತಮೂರು ವರ್ಷದ ಬದರೀನಾಥ ಇಪ್ಪತ್ತೇಳು ವರ್ಷ ಔಷಧ ಕಂಪನಿಯಲ್ಲಿದ್ದವರು. ಮಾತ್ರೆ ಮಾಡುವ ಯಂತ್ರವನ್ನು ತೊಳೆದ ಮೇಲೆ ಅದು ನಿಜವಾಗಿ ಸ್ವಚ್ಛವಾಗಿದೆಯೇ, ನಿನ್ನೆಯ ಔಷಧಿಯ ಕಣವೇನಾದರೂ ಇವತ್ತಿನ ಮಾತ್ರೆಗೆ ಸೇರುತ್ತದೆಯೇ ಎಂದು ಪರೀಕ್ಷಿಸಿ ಸಹಿ ಹಾಕುವುದು ಅವರ ಉದ್ಯೋಗವಾಗಿತ್ತು. ನಿವೃತ್ತರಾದ ವರ್ಷ ಗೆಳೆಯರೊಬ್ಬರ ಜೊತೆ ರೈಫಲ್ ಕ್ಲಬ್ಬಿಗೆ ಹೋದರು. ಎರಡು ಸಲ ಗುಂಡು ಹೊಡೆದರು, ಎರಡು ಸಲವೂ ಭುಜ ನೋಯಿತು. ಆದರೆ ಸದಸ್ಯರು ಮಸಿ ಹಿಡಿದ ಹಿತ್ತಾಳೆಯನ್ನು ಹಳೆಯ ಕಾಫಿ ಡಬ್ಬಿಗಳಿಗೆ ಸುರಿಯುತ್ತಿದ್ದದ್ದು ಮನಸ್ಸಿನಿಂದ ಹೋಗಲಿಲ್ಲ. ಮುಂದಿನ ವಾರ ಒಂದು ಡಬ್ಬಿ ಮನೆಗೆ ತಂದರು. ಈಗ ಕ್ಲಬ್ಬಿನ ಹನ್ನೊಂದು ಮಂದಿಯ ಡಬ್ಬಿಗಳು ಅವರ ಗ್ಯಾರೇಜಿನ ಕಪಾಟಿನಲ್ಲಿವೆ. ಒಂದೊಂದಕ್ಕೂ ಹೆಸರು, ತಾರೀಕು. ಒಬ್ಬರೇ ಕೊಟ್ಟಿದ್ದರೂ ಎರಡು ಡಬ್ಬಿಗಳನ್ನು ಅವರು ಯಾವತ್ತೂ ಬೆರೆಸುವುದಿಲ್ಲ.

ಅಂದು ಬಕೆಟ್ಟಿನಲ್ಲಿದ್ದ ನೂರೂ ಶರ್ವಾಣಿಯವರವು. ಐವತ್ತೈದು ಸೆಪ್ಟೆಂಬರಿನ ಡಬ್ಬಿ, ನಲವತ್ತೈದು ಅಕ್ಟೋಬರಿನದು. ಹತ್ತಿರದ ಎಡಿಸನ್ ಊರಿನಲ್ಲಿ ಹುಟ್ಟಿ ಬೆಳೆದ ಶರ್ವಾಣಿಗೆ ಮೂವತ್ತಮೂರು ವರ್ಷ. ಮಾನ್ಮತ್ ಜಂಕ್ಷನ್‌ನಲ್ಲಿ ಮನೆ, ಮ್ಯಾನ್‌ಹಟನ್‌ನ ಬ್ಯಾಂಕೊಂದರಲ್ಲಿ ಕೆಲಸ. ಎರಡು ವರ್ಷ ಅಭ್ಯಾಸ ಮಾಡಿ, ಬರುವ ಭಾನುವಾರ ಮೊದಲ ಸಲ ಸ್ಪರ್ಧೆಗೆ ಇಳಿಯುವವರಿದ್ದರು. ಅಂಕಕ್ಕೆ ಐವತ್ತು ಗುಂಡು, ಅದಕ್ಕೂ ಮುಂಚೆ ಗುರಿ ಸರಿಮಾಡಿಕೊಳ್ಳಲು ಎಂಟು. ಒಟ್ಟು ಐವತ್ತೆಂಟು ಕೇಸು ಬೇಕು, ಎಲ್ಲವೂ ಒಂದೇ ತಯಾರಿಕೆಯವು, ಅವರದೇ ರೈಫಲ್‌ನಲ್ಲಿ ಹಾರಿದವು ಆಗಿರಬೇಕು. ಬೇರೆ ಬೆರೆತರೆ ಗುಂಡು ಬೀಳುವ ಜಾಗ ಅಷ್ಟಿಷ್ಟು ಸರಿಯುತ್ತದೆ. ಅವರ ಬಳಿ ಅಂಥವು ಈ ನೂರು ಮಾತ್ರ.

ಮಾಮೂಲಿನಂತೆ ಬದರೀನಾಥ ಕೇಸುಗಳನ್ನು ತಿರುಗುವ ಡ್ರಮ್ಮಿಗೆ ಹಾಕುತ್ತಾರೆ. ಜೊತೆಗೆ ನೀರು, ಪಾತ್ರೆ ಸೋಪು, ಒಂದು ಚಿಟಿಕೆ ನಿಂಬೆ ಉಪ್ಪು ಎನ್ನುವ ಹುಳಿಪುಡಿ, ಶಾವಿಗೆಯ ತುಣುಕುಗಳಂಥ ಉಕ್ಕಿನ ಕಡ್ಡಿಗಳು. ಬುಧವಾರ ಡ್ರಮ್ಮಿನ ಬೆಲ್ಟ್ ಹರಿಯಿತು. ಡಬ್ಬದಲ್ಲಿ ನಿಂಬೆ ಉಪ್ಪೂ ಮುಗಿದಿತ್ತು. ಗುರುವಾರ ಅವರ ಹೆಂಡತಿ ಉಷಾ ಶುಕ್ರವಾರದ ಪೂಜೆಗೆ ದೀಪ ಬೆಳಗಲು ಹುಣಿಸೆ ನೆನೆಹಾಕಿದ್ದರು. ಅದನ್ನು ನೋಡಿದ ಬದರೀನಾಥ ಇದೂ ಹುಳಿಯೇ, ಅದೂ ಹುಳಿಯೇ ಎಂದು ಲೆಕ್ಕ ಹಾಕಿದರು. ತೆಳ್ಳಗಿನ ಹುಣಿಸೆ ನೀರು, ಹತ್ತು ನಿಮಿಷ, ಉಪ್ಪು ಬೇಡ.

"ತಗೊಂಡು ಹೋಗಿ," ಎಂದರು ಉಷಾ. "ಆದ್ರೆ ಆ ಪಾತ್ರೆ ವಾಪಸ್ ನನ್ನ ಅಡುಗೆಮನೆಗೆ ಬರಬಾರದು."

ಮೊದಲ ಬಕೆಟ್ ಹತ್ತು ನಿಮಿಷಕ್ಕೆ ಸರಿಯಾಗಿ ಮುಗಿಯಿತು. ಐವತ್ತೈದೂ ಜಾಲಾಡಿಸಿ ಟವೆಲ್ಲಿನ ಮೇಲೆ ಸಾಲಾಗಿ ಮಲಗಿದವು. ಎರಡನೆಯದಕ್ಕೆ ಹುಣಿಸೆ ನೀರು ಸುರಿದು ಟೈಮರ್ ಇಡುವಷ್ಟರಲ್ಲಿ ಫೋನ್ ಬಂತು. ಹಿಂದೆ ಅವರ ಕೈಕೆಳಗೆ ಕೆಲಸ ಮಾಡಿದ್ದ ಆಕರ್ಷ್. ಕಂಪನಿಯಲ್ಲಿ ತಪಾಸಣೆ ಇದೆ, ಯಂತ್ರದಲ್ಲಿ ಎಷ್ಟು ಶೇಷ ಉಳಿದರೆ ಪರವಾಗಿಲ್ಲ ಎಂದು ಕೇಳಲು ಮಾಡಿದ್ದ ಕರೆ. ಈ ವಿಷಯದಲ್ಲಿ ಬದರೀನಾಥರನ್ನು ಯಾರೂ ಬೇಗ ನಿಲ್ಲಿಸಿದ್ದಿಲ್ಲ. ಗ್ಯಾರೇಜಿನಲ್ಲಿ ಸಿಗ್ನಲ್ ಸಾಲದೆಂದು ಹಿತ್ತಲಿಗೆ ಹೋದರು. ನಡುವೆ ಜೇಬಿನಲ್ಲಿದ್ದ ಟೈಮರ್ ಹೊಡೆದುಕೊಂಡಾಗ, ಮಾತು ನಿಲ್ಲಿಸದೆಯೇ ಅದರ ಬಾಯಿ ಮುಚ್ಚಿಸಿದರು.

ಮರಳಿದಾಗ ಹುಣಿಸೆ ನೀರು ಸುರಿದು ಒಂದು ಗಂಟೆ ಹತ್ತು ನಿಮಿಷ ಕಳೆದಿತ್ತು. ಮಣೆಯ ಮೇಲೆ ಶಿವಗಂಗಮ್ಮ ಕುಳಿತಿದ್ದರು. ಪಕ್ಕದ ಮನೆಯ ಕುಶಾಲ್‌ನ ತಾಯಿ, ಆರು ತಿಂಗಳಿಗೆಂದು ತುಮಕೂರಿನಿಂದ ಬಂದವರು. ಮಧ್ಯಾಹ್ನ ವಾಕಿಂಗ್ ಹೊರಟರೆ ಬಾಗಿಲು ತೆರೆದಿರುವ ಗ್ಯಾರೇಜುಗಳಿಗೆಲ್ಲ ಒಂದು ಭೇಟಿ ಕೊಡುತ್ತಾರೆ.

"ಬಾರಪ್ಪ," ಎಂದರು. "ಎಷ್ಟೊತ್ತು ಫೋನು? ನೋಡಿಲ್ಲಿ, ಕಳಸ ಬೆಳಗಿದಂಗೆ ಆಗೈತೆ."

ಬದರೀನಾಥ ಬಕೆಟ್ಟಿಗೆ ಬಗ್ಗಿದರು. ಹಳದಿ ಇರಬೇಕಾದ ಕೇಸುಗಳು ಗುಲಾಬಿ ಬಣ್ಣಕ್ಕೆ ತಿರುಗಿದ್ದವು. ನೆಲದ ಸಿಮೆಂಟಿನ ಮೇಲೆ ಕಲ್ಲುಪ್ಪಿನ ನಾಲ್ಕು ಹರಳು.

"ಅಮ್ಮ, ಇದಕ್ಕೆ ಏನಾದ್ರೂ ಹಾಕಿದ್ರಾ?"

"ಉಪ್ಪು. ಎರಡೇ ಹಿಡಿ. ಬರೀ ಹುಣ್ಸೇಲಿ ಯಾರಾದ್ರೂ ಹಿತ್ತಾಳೆ ಬೆಳಗ್ತಾರೇನಪ್ಪ? ಗಂಡಸು, ಮರ್ತಿರ್ತಾನೆ ಪಾಪ ಅಂತ ಮನೆಯಿಂದ ತಂದು ಹಾಕ್ದೆ."

"ಕೈ ತೊಳ್ಕೊಳ್ಳಿ ಮೊದಲು, ಸೋಪು ಹಾಕಿ. ಇದರಲ್ಲಿ ಸೀಸ ಇರುತ್ತೆ."

"ಅದಕ್ಕಾ ನೀನು ಕೈಗೆ ರಬ್ಬರು ಹಾಕ್ಕಂಡಿರೋದು? ನಾನು ಸೋಗು ಅಂದ್ಕಂಡಿದ್ದೆ."

ಒಳಗಿನಿಂದ ಉಷಾ ನಕ್ಕದ್ದು ಕೇಳಿಸಿತು. ಅವರೇ ಬಂದು ಶಿವಗಂಗಮ್ಮನವರ ಕೈ ಹಿಡಿದು ನಲ್ಲಿಯ ಬಳಿ ಕರೆದೊಯ್ದರು.

ಹಿತ್ತಾಳೆ ಎಂದರೆ ತಾಮ್ರ ಮತ್ತು ಸತು. ಹುಳಿಯೂ ಉಪ್ಪೂ ಸೇರಿ ಹೆಚ್ಚು ಹೊತ್ತು ನಿಂತರೆ ಸತು ಕರಗಿ, ಮೇಲ್ಮೈಯಲ್ಲಿ ತಾಮ್ರ ಉಳಿಯುತ್ತದೆ. ಗುಲಾಬಿ ಬಣ್ಣ ಅದರದು. ದೀಪಕ್ಕೆ ಇದರಿಂದ ತೊಂದರೆಯಿಲ್ಲ. ದೀಪದೊಳಗೆ ಮದ್ದು ಸಿಡಿಯುವುದಿಲ್ಲ; ಸತು ಕಳೆದುಕೊಂಡು ಬಲಗುಂದಿದ ಕೇಸಾದರೆ ಆ ಒತ್ತಡಕ್ಕೆ ಒಡೆಯಬಹುದು. ಬದರೀನಾಥ ಒಂದು ಕೇಸನ್ನು ಗರಗಸದಿಂದ ಉದ್ದಕ್ಕೆ ಸೀಳಿ, ಭೂತಗನ್ನಡಿಯಲ್ಲಿ ನೋಡಿದರು. ಬಣ್ಣ ಕೂದಲೆಳೆಯಷ್ಟೂ ಒಳಗಿಳಿದಂತೆ ಕಾಣಲಿಲ್ಲ. ಕಾಣದಿರುವುದು ಪುರಾವೆಯಲ್ಲ ಎಂದು ಅವರು ಇಪ್ಪತ್ತೇಳು ವರ್ಷ ಇತರರಿಗೆ ಹೇಳಿಕೊಟ್ಟಿದ್ದರು. ಶರ್ವಾಣಿಗೆ ಫೋನ್ ಮಾಡಿ ನಡೆದದ್ದನ್ನು ನಡೆದಂತೆಯೇ ಹೇಳಿದರು.

ಶುಕ್ರವಾರ ಸಂಜೆ ಶರ್ವಾಣಿ ರೈಲಿಳಿದು, ಆಫೀಸಿನ ಬಟ್ಟೆಯಲ್ಲೇ ಗ್ಯಾರೇಜಿಗೆ ಬಂದರು. ಒಂದು ಕೇಸನ್ನು ಬೆಳಕಿಗೆ ಹಿಡಿದು ನೋಡಿದರು.

"ಅಂಕಲ್, ದಿಸ್ ಈಸ್ ರೋಸ್ ಗೋಲ್ಡ್!"

"ನಗ್ಬೇಡಮ್ಮ."

"ರೈಲಲ್ಲಿ ನಾಲ್ಕು ಫೋರಂ ಓದಿದೆ. ಎಲ್ಲರೂ ಪಿಂಕ್ ಈಸ್ ಜಸ್ಟ್ ಕಾಸ್ಮೆಟಿಕ್ ಅಂತಾರೆ. ಶೂಟ್ ಮಾಡ್ಬಹುದಂತೆ."

"ಇರಬಹುದು."

"ಇರಬಹುದು ಅಂದ್ರೆ?"

"ಗೊತ್ತಿಲ್ಲ ಅಂತ. ಹತ್ತು ನಿಮಿಷ ಆಗಿದ್ರೆ ನಾನೇ ಹೂಂ ಅಂತಿದ್ದೆ. ಇದು ಒಂದು ಗಂಟೆ ಹತ್ತು ನಿಮಿಷ, ಉಪ್ಪಿನ ಜೊತೆ. ಅದಕ್ಕೆ ನನ್ನ ಹತ್ರ ಡೇಟಾ ಇಲ್ಲ."

"ಮೂರೇ ಮೂರು ಬೇಕು ಅಂಕಲ್. ಐವತ್ತೈದು ಚೆನ್ನಾಗಿದೆ. ಇದರಲ್ಲಿ ಮೂರು ಸೇರಿಸಿದ್ರೆ ಆಯ್ತು."

"ಟ್ರಿಗರ್ ಎಳೆಯೋವಾಗ ನಿನ್ನ ಕೆನ್ನೆ ಎಲ್ಲಿರುತ್ತೆ?"

ಶರ್ವಾಣಿ ಕೈಯಲ್ಲಿ ತೋರಿಸಿದರು. ಕೇಸು ಕೂರುವ ಜಾಗದಿಂದ ಒಂದು ಗೇಣು.

"ಅಲ್ಲಿ ಇರಬಹುದು ಅನ್ನೋದು ಸಾಕಾ? ಬ್ಯಾಂಕಲ್ಲಿ ನಿನ್ನ ಕೆಲಸಾನೇ ರಿಸ್ಕ್ ನೋಡೋದಲ್ವಾ?"

"ಅಲ್ಲಿ ಕೆನ್ನೆ ನಂದಲ್ವಲ್ಲ ಅಂಕಲ್."

ಆಮೇಲೆ ಶರ್ವಾಣಿ ಕಪಾಟಿನಿಂದ ಇಕ್ಕಳ ತೆಗೆದುಕೊಂಡು, ಕೈಯಲ್ಲಿದ್ದ ಕೇಸಿನ ಬಾಯಿಯನ್ನು ಒತ್ತಿ ಚಪ್ಪಟೆ ಮಾಡಿದರು. ಇನ್ನು ಅದನ್ನು ಯಾರೂ ತುಂಬಲಾರರು. ಉಳಿದ ನಲವತ್ತಮೂರನ್ನು ಇಬ್ಬರೂ ಹಂಚಿಕೊಂಡರು. ಸೀಳಿದ್ದೂ ಸೇರಿ ನಲವತ್ತೈದು ಗುಜರಿ ಡಬ್ಬಿಗೆ ಹೋದವು.

ಅಷ್ಟರಲ್ಲಿ ಶಿವಗಂಗಮ್ಮ ಬಂದರು. "ಹೊಳೆಯೋದನ್ನೆಲ್ಲ ಜಜ್ಜಿ ಹಾಕ್ತೀರಲ್ಲ! ನಂಗಾದ್ರೂ ಕೊಟ್ಟಿದ್ರೆ ಬಾಗಿಲಿಗೆ ತೋರಣ ಕಟ್ತಿದ್ದೆ." ಶರ್ವಾಣಿಯನ್ನು ಅಡಿಯಿಂದ ಮುಡಿಯವರೆಗೆ ನೋಡಿದರು. "ಬಂದೂಕು ಹೊಡೆಯೋಳು ನೀನೇನಾ? ಇಷ್ಟೇ ಇಷ್ಟಿದ್ದೀಯ. ಅದು ನಿನ್ನನ್ನೇ ಬೀಳ್ಸಲ್ವಾ?"

"ಮಲ್ಕೊಂಡೇ ಹೊಡೀತೀನಿ ಅಜ್ಜಿ. ಬೀಳೋ ಚಾನ್ಸೇ ಇಲ್ಲ."

"ಹಂಗಾದ್ರೆ ನಾನೂ ನೋಡ್ಬೇಕು."

ಎರಡೂ ಡಬ್ಬಿ ಬೆರೆತಿದ್ದರೆ ನೂರೂ ಒಂದೇ ನೀರಿನಲ್ಲಿ ಇರುತ್ತಿದ್ದವು, ಶರ್ವಾಣಿಗೆ ಭಾನುವಾರದ ಸ್ಪರ್ಧೆ ತಪ್ಪುತ್ತಿತ್ತು. ಇದನ್ನು ಬದರೀನಾಥ ಬಾಯಿಬಿಟ್ಟು ಹೇಳಲಿಲ್ಲ, ಉಷಾ ಹೇಳಿದರು. ಪ್ರತಿ ಡಬ್ಬಿಯ ವಿವರ ಬದರೀನಾಥ ಬರೆದಿಡುವ ನೋಟ್‌ಬುಕ್ ಒಂದಿದೆ. ಅಕ್ಟೋಬರಿನ ಡಬ್ಬಿಯ ಮುಂದೆ "ತಿರಸ್ಕೃತ" ಎಂದು ಬರೆದರು. ಕಾರಣದ ಅಂಕಣದಲ್ಲಿ ಉಪ್ಪಿನ ಸುದ್ದಿಯೂ ಇಲ್ಲ, ಶಿವಗಂಗಮ್ಮನವರ ಹೆಸರೂ ಇಲ್ಲ. ಉಷಾ ಅದನ್ನು ಗಟ್ಟಿಯಾಗಿ ಓದಿದರು: "ತೊಳೆಯುವವನು ಜಾಗ ಬಿಟ್ಟು ಫೋನಿನಲ್ಲಿದ್ದ." ಕೆಳಗೆ ಸಹಿ, ತಾರೀಕು.

ಶನಿವಾರ ಶರ್ವಾಣಿ ತಮ್ಮ ಬೇಸ್‌ಮೆಂಟಿನಲ್ಲಿ ಐವತ್ತೈದು ಕಾಡತೂಸು ತುಂಬಿದರು. ಗುರಿ ಸರಿಮಾಡಿಕೊಳ್ಳಲು ಎಂಟರ ಬದಲು ಐದು ಗುಂಡು ಸಿಗುತ್ತವೆ. ಉಳಿದ ಐವತ್ತು ಅಂಕಕ್ಕೆ. ಭಾನುವಾರ ಬೆಳಗ್ಗೆ ಏಳಕ್ಕೆ ಅವರ ಕಾರು ಮನ್ರೋಗೆ ಬರುತ್ತದೆ. ಮುಂದಿನ ಸೀಟಿನಲ್ಲಿ ಬದರೀನಾಥ, ಹಿಂದೆ ಉಷಾ ಮತ್ತು ಶಿವಗಂಗಮ್ಮ. ಹಾರಿದ ಕೇಸುಗಳನ್ನು ಬದರೀನಾಥರೇ ಆಯ್ದು ತರುತ್ತಾರೆ. ಡ್ರಮ್ಮಿನ ಹೊಸ ಬೆಲ್ಟೂ ನಿಂಬೆ ಉಪ್ಪೂ ಮಂಗಳವಾರ ಬರುತ್ತವೆ.