ಭಾನುವಾರದ ಹೌಸ್‌ಫುಲ್

ದೋಹಾದಲ್ಲಿ ಫುಟ್‌ಬಾಲ್ ವಿಶ್ವಕಪ್ ಮುಗಿದ ಮರುವರ್ಷದ ಮಾತು. ಆಗ ನಾನು ಇಲ್ಲಿಯ ಒಂದು ಮಾಲ್‌ನ ಮಲ್ಟಿಪ್ಲೆಕ್ಸಿನಲ್ಲಿ ಪ್ರೋಗ್ರಾಮಿಂಗ್ ಮ್ಯಾನೇಜರ್ ಆಗಿದ್ದೆ. ಹುದ್ದೆಯ ಹೆಸರು ದೊಡ್ಡದು, ಕೆಲಸ ಸರಳ: ಯಾವ ಸಿನೆಮಾಕ್ಕೆ ಯಾವ ಹಾಲ್, ಎಷ್ಟು ಷೋ, ಎಷ್ಟು ಹೊತ್ತಿಗೆ ಎಂದು ಪ್ರತಿ ವಾರ ತೀರ್ಮಾನಿಸುವುದು. ಮದುವೆಯಾಗಿ ಉಡುಪಿ ಕಡೆಯ ಶಿರ್ವದಿಂದ ಬಂದವಳು ಮೊದಲು ಟಿಕೆಟ್ ಕೌಂಟರಿನಲ್ಲಿ ಕೂತೆ, ಆಮೇಲೆ ಒಂದೊಂದೇ ಮೆಟ್ಟಿಲು ಹತ್ತಿ ಆ ಕುರ್ಚಿಗೆ ಬಂದೆ. ಈಗ ನಿವೃತ್ತಳಾಗಿ, ಗಂಡನ ವೀಸಾದ ಮೇಲೆ ಅಲ್ ಗರಾಫಾದ ಫ್ಲಾಟಿನಲ್ಲಿ ಆರಾಮಾಗಿದ್ದೇನೆ. ಆದರೆ ರಮಾಕಾಂತ ಎಂಬ ಹೆಸರು ಕಿವಿಗೆ ಬಿದ್ದರೆ ಇವತ್ತಿಗೂ ಮೈ ಉರಿಯುತ್ತದೆ. ಉರಿಯಲಿ, ಆ ಬೆಂಕಿಯಲ್ಲೇ ನಾನು ಒಳ್ಳೆಯ ಅಡುಗೆ ಮಾಡಿ ಅವನಿಗೆ ಬಡಿಸಿದ್ದೇನೆ.

ಮೊದಲು ನಮ್ಮ ವ್ಯಾಪಾರ ಸ್ವಲ್ಪ ತಿಳಿಯಬೇಕು. ಗಲ್ಫ್‌ನಲ್ಲಿ ಹೊಸ ಸಿನೆಮಾ ಬಿಡುಗಡೆಯಾಗುವುದು ಗುರುವಾರ. ಸೋಮವಾರ ಬೆಳಿಗ್ಗೆ ನಮ್ಮ ಮೀಟಿಂಗ್. ಹಾಲಿನ ಸೀಟುಗಳಲ್ಲಿ ಎಷ್ಟು ಪಾಲು ಮಾರಾಟವಾಯಿತು ಎಂಬುದಕ್ಕೆ ಆಕ್ಯುಪೆನ್ಸಿ ಎನ್ನುತ್ತೇವೆ. ಅದು ಚೆನ್ನಾಗಿದ್ದರೆ ಸಿನೆಮಾ ಮುಂದಿನ ವಾರವೂ ತನ್ನ ಹಾಲ್‌ಗಳನ್ನು ಉಳಿಸಿಕೊಳ್ಳುತ್ತದೆ, ಇಲ್ಲವಾದರೆ ಹೊಸದಕ್ಕೆ ಜಾಗ ಬಿಡುತ್ತದೆ. ಟಿಕೆಟ್ ದುಡ್ಡಿನಲ್ಲಿ ಸುಮಾರು ಅರ್ಧ ನಮ್ಮದು, ಅರ್ಧ ವಿತರಕನದು. ಹೀಗಾಗಿ ವಿತರಕ ತನ್ನ ಸಿನೆಮಾದ ಟಿಕೆಟ್ಟನ್ನು ತಾನೇ ಕೊಂಡರೆ ಅರ್ಧ ಬೆಲೆಗೆ ಹೌಸ್‌ಫುಲ್ ಸಿಕ್ಕಿದ ಹಾಗೆ. ಆ ಕೊಳ್ಳುವ ದುಡ್ಡೂ ನಿರ್ಮಾಪಕ ಪ್ರಚಾರಕ್ಕೆಂದು ಕೊಟ್ಟದ್ದಾದರೆ ಅಷ್ಟೂ ಲಾಭ.

ರಮಾಕಾಂತ ದುಬೈಯಲ್ಲಿ ಆಫೀಸ್ ಇಟ್ಟುಕೊಂಡ ವಿತರಕ. ಬೆಂಗಳೂರಿನವನು, ಅಪ್ಪಟ ಕನ್ನಡ ಮಾತಾಡುವವನು, ತರುತ್ತಿದ್ದುದು ಮಾತ್ರ ಮುಂಬೈಯ ದೊಡ್ಡ ಹಿಂದಿ ಸಿನೆಮಾಗಳನ್ನು. ಕನ್ನಡ ಸಿನೆಮಾ ಇಲ್ಲಿಗೆ ಬರುವುದೇ ಅಪರೂಪ. ಬಂದರೆ ಒಂದೋ ಎರಡೋ ಷೋ. ಅದರಲ್ಲಿ ನಿಜಕ್ಕೂ ತುಂಬುವುದು ಶುಕ್ರವಾರ ಸಂಜೆಯದು. ಬೆಳಿಗ್ಗೆ ನಮ್ಮ ಕರಾವಳಿಯ ಕ್ರೈಸ್ತರು ಚರ್ಚಿಗೆ ಹೋಗಿರುತ್ತಾರೆ, ಇಲ್ಲಿ ವಾರದ ಪೂಜೆ ಶುಕ್ರವಾರವೇ, ಮಧ್ಯಾಹ್ನ ಜುಮಾ ನಮಾಜು. ಇಂಡಸ್ಟ್ರಿಯಲ್ ಏರಿಯಾದ ಕ್ಯಾಂಪ್‌ಗಳಲ್ಲಿರುವ ಉತ್ತರ ಕರ್ನಾಟಕದ ಹುಡುಗರಿಗಂತೂ ವಾರದಲ್ಲಿ ಇರುವುದೇ ಆ ಒಂದು ರಜೆ.

ಆ ಹುಡುಗರ ಪರವಾಗಿ ನನ್ನ ಹತ್ತಿರ ಬರುತ್ತಿದ್ದವರು ಬಸವರಾಜ್, ಬಾಗಲಕೋಟೆ ಕಡೆಯವರು, ಕಟ್ಟಡ ಕಂಪನಿಯೊಂದರಲ್ಲಿ ಫೋರ್‌ಮನ್. ಆ ವರ್ಷದ ಮೊದಲ ಕನ್ನಡ ಸಿನೆಮಾಕ್ಕೆ ಅವರು ಒಂದು ಬಸ್ಸಿನ ತುಂಬ ಜನ ಕರೆತಂದರು. ಎಲ್ಲರೂ ಇಸ್ತ್ರಿ ಹಾಕಿದ ಅಂಗಿ ತೊಟ್ಟು, ತಲೆಗೆ ಎಣ್ಣೆ ಹಚ್ಚಿ ಬಾಚಿಕೊಂಡು ಬಂದಿದ್ದರು. ಬಂದು ನೋಡಿದರೆ ಷೋ ಇಲ್ಲ. ಅದೇ ದಿನ ಮಧ್ಯಾಹ್ನ ರಮಾಕಾಂತನ ಹಿಂದಿ ಸಿನೆಮಾದ ಟಿಕೆಟ್ ಆನ್‌ಲೈನಿನಲ್ಲಿ ಭರಭರನೆ ಖಾಲಿಯಾಗಿ, ನಮ್ಮ ಜನರಲ್ ಮ್ಯಾನೇಜರ್ ರಾಮಿ ನನ್ನನ್ನು ಒಂದು ಮಾತೂ ಕೇಳದೆ ಕನ್ನಡದ ಹಾಲ್ ಅದಕ್ಕೆ ಕೊಟ್ಟುಬಿಟ್ಟಿದ್ದ. ದುಡ್ಡು ವಾಪಸ್ ಕೊಟ್ಟೆವು. ಹುಡುಗರು ಏನು ಮಾಡುವುದೆಂದು ತಿಳಿಯದೆ ಲಾಬಿಯಲ್ಲಿ ನಿಂತಿದ್ದಾಗ ಮಾಲ್‌ನ ಸೆಕ್ಯೂರಿಟಿಯವನು ಬಂದು, ಶುಕ್ರವಾರ ಫ್ಯಾಮಿಲಿಗಳಿಗೆ ಮಾತ್ರ, ಟಿಕೆಟ್ ಇಲ್ಲದವರು ಹೊರಡಿ ಎಂದ. ಅವರು ಹೊರಟರು. ಬಸವರಾಜ್ ನನ್ನ ಕಡೆ ತಿರುಗಿ, "ಇರ್ಲಿ ಬಿಡ್ರಿ ಮೇಡಂ, ನಿಮ್ದೇನು ತಪ್ಪೈತಿ" ಎಂದರು. ಅದಕ್ಕಿಂತ ಬೈದಿದ್ದರೆ ಒಳ್ಳೆಯದಿತ್ತು.

ಷೋ ಶುರುವಾದ ಮೇಲೆ ನಾನು ಆ ಹಾಲಿನೊಳಗೆ ಹೋಗಿ ನೋಡಿದೆ. ಹೌಸ್‌ಫುಲ್ ಎಂದು ಬೋರ್ಡು ಬಿದ್ದಿದ್ದ ಹಾಲಿನಲ್ಲಿ ಅಲ್ಲೊಬ್ಬರು ಇಲ್ಲೊಬ್ಬರು ಕೂತಿದ್ದರು, ಉಳಿದದ್ದೆಲ್ಲ ಖಾಲಿ. ನೇರ ರಾಮಿಯ ಕೋಣೆಗೆ ಹೋಗಿ, "ಇವೆಲ್ಲ ಅವನೇ ಕೊಂಡ ಟಿಕೆಟ್ಟುಗಳು" ಎಂದೆ. ರಾಮಿ ಲೆಬನಾನಿನವನು, ಕೆಟ್ಟವನಲ್ಲ, ಪಕ್ಕಾ ವ್ಯಾಪಾರಿ. "ಐರಿನ್, ಮಾರಿದ ಟಿಕೆಟ್ ಮಾರಿದ್ದೇ. ಕುರ್ಚಿಯ ಮೇಲೆ ಮನುಷ್ಯ ಕೂತಿರಬೇಕೆಂದು ಕಾನೂನಿಲ್ಲ. ಖಲಾಸ್" ಎಂದ.

ತಡೆಯಲಾರದೆ ರಮಾಕಾಂತನಿಗೇ ಫೋನ್ ಮಾಡಿದೆ. ಅವನು ನಕ್ಕ. "ಅಯ್ಯೋ ಬಿಡಿ ಮೇಡಂ, ಲೇಬರ್ ಕ್ಯಾಂಪ್ ಜನ. ಮೊಬೈಲಲ್ಲಿ ಕದ್ದು ನೋಡ್ಕೊತಾರೆ. ಅವ್ರನ್ನ ನಂಬ್ಕೊಂಡು ಸಿನಿಮಾ ಬಿಸಿನೆಸ್ ಮಾಡ್ತೀರಾ? ನಿಮಗೆ ಪ್ರೋಗ್ರಾಮಿಂಗ್ ಎಲ್ಲ ಯಾಕೆ, ವಾಪಸ್ ಹೋಗಿ ಕೌಂಟರಲ್ಲಿ ಕೂತ್ಕೊಳ್ಳಿ." ನಾನು ಫೋನ್ ಇಟ್ಟೆ. ಆವತ್ತೇ ಮನಸ್ಸಿನಲ್ಲಿ ಅವನ ಹೆಸರಿಗೆ ಒಂದು ಗಂಟು ಹಾಕಿಕೊಂಡೆ.

ಕೆಲವು ತಿಂಗಳು ಕಳೆದು ಇನ್ನೊಂದು ಕನ್ನಡ ಸಿನೆಮಾ ಬರುವುದೆಂದಾಯಿತು. ಬಸವರಾಜ್ ಮತ್ತೆ ಬಂದರು. "ಮೇಡಂ, ಹುಡುಗ್ರು ಕೇಳಾಕ್ಹತ್ಯಾರ್ರಿ. ಈ ಸಲ ಖರೇನ ಷೋ ಇರ್ತೈತೇನ್ರಿ? ಇನ್ನೊಮ್ಮಿ ಅವರ್ನ ಬಾಗಿಲದಿಂದ ಹೊಳ್ಳಿ ಕರ್ಕೊಂಡು ಹೋಗು ಧೈರ್ಯ ನನಗಿಲ್ರಿ." ನಾನು, "ಉಂಟು ಮಾರಾಯ್ರೆ, ಶುಕ್ರವಾರ ಸಂಜೆ, ದೊಡ್ಡ ಹಾಲ್. ಬಸ್ಸಿಗೆ ಹೇಳಿ ಇಡಿ" ಎಂದು ಮಾತು ಕೊಟ್ಟೆ. ಕೊಟ್ಟದ್ದೇನೋ ಕೊಟ್ಟೆ, ಹಾಲ್ ನನ್ನ ಕೈಯಲ್ಲಿರಲಿಲ್ಲ. ಅದರ ಹಿಂದಿನ ವಾರದ ಗುರುವಾರವೇ ರಮಾಕಾಂತನ ಹೊಸ ಹಿಂದಿ ಸಿನೆಮಾ ಬಂದು ದೊಡ್ಡ ಹಾಲ್ ಸೇರಿ ಮೂರು ಹಾಲ್‌ಗಳಲ್ಲಿ ಕೂತಿತ್ತು. ಸೋಮವಾರದ ಮೀಟಿಂಗಿನಲ್ಲಿ ಅದರ ಆಕ್ಯುಪೆನ್ಸಿ ಚೆನ್ನಾಗಿದ್ದರೆ ಅದು ಅಲ್ಲೇ ಉಳಿಯುತ್ತಿತ್ತು. ನನ್ನ ಮಾತು ನೀರಿನ ಪಾಲಾಗುತ್ತಿತ್ತು.

ಸಿನೆಮಾ ಸಪ್ಪೆ. ಶುಕ್ರವಾರ ಹೇಗೋ ಅರ್ಧ ತುಂಬಿತು, ಶನಿವಾರ ಅದೂ ಇಲ್ಲ. ರಮಾಕಾಂತ ಸುಮ್ಮನೆ ಕೂರುವವನಲ್ಲವೆಂದು ನಾನು ಬುಕಿಂಗ್ ಸ್ಕ್ರೀನಿನಲ್ಲಿ ಕಣ್ಣಿಟ್ಟೇ ಇದ್ದೆ. ಶನಿವಾರ ಸಂಜೆ ಮನೆಯಲ್ಲಿ ಲ್ಯಾಪ್‌ಟಾಪಿನ ಮುಂದೆ ಚಹಾ ಕುಡಿಯುತ್ತಿರುವಾಗಲೇ ಚಿಕ್ಕ ಹಾಲಿನ ಒಂದು ಷೋ ಒಂದೇ ಏಟಿಗೆ ಖಾಲಿಯಾಯಿತು. ಯಾವ ಷೋ ಎಂದು ನೋಡಿದೆ. ಭಾನುವಾರ ಬೆಳಿಗ್ಗೆ ಹನ್ನೊಂದರದ್ದು!

ದೇವರೇ, ನನಗೆ ಬಂದ ನಗುವಿಗೆ ಚಹಾ ನೆತ್ತಿಗೇರಿತು. ಊರಿನಲ್ಲಿರುವವರಿಗೆ ಇದರ ರುಚಿ ತಿಳಿಯಬೇಕಾದರೆ ಒಂದು ವಿಷಯ ಹೇಳಬೇಕು. ಖತಾರಿನಲ್ಲಿ ವಾರದ ರಜೆ ಶುಕ್ರವಾರ, ಶನಿವಾರ. ಭಾನುವಾರ ಬೆಳಿಗ್ಗೆ ಆಫೀಸು, ಶಾಲೆ, ಸೈಟು ಎಲ್ಲ ಶುರು. ಮೊದಲು ದುಬೈಯಲ್ಲೂ ಹೀಗೇ ಇತ್ತು. ವಿಶ್ವಕಪ್ ನಡೆದ ವರ್ಷದ ಆರಂಭದಲ್ಲಿ ಅವರು ರಜೆಯನ್ನು ಶನಿವಾರ, ಭಾನುವಾರಕ್ಕೆ ಬದಲಾಯಿಸಿಕೊಂಡರು. ರಮಾಕಾಂತನಿಗೆ ಹೊಸ ರಜೆ ಎಷ್ಟು ಬೇಗ ಒಗ್ಗಿತೆಂದರೆ ಹಳೆಯದು ಮರೆತೇಹೋಗಿತ್ತು. ತನಗೆ ರಜೆ ಎಂದರೆ ಇಡೀ ಗಲ್ಫಿಗೆ ರಜೆ ಎಂದುಕೊಂಡಿದ್ದ.

ಸಂಭಾವಿತ ಹೆಂಗಸಾಗಿದ್ದರೆ ನಾನು ಫೋನ್ ಮಾಡಿ ತಿಳಿಸುತ್ತಿದ್ದೆ. ಫೋನ್ ಮಾಡಿದೆ, ಆದರೆ ತಿಳಿಸಲು ಅಲ್ಲ. ಷೋ ತುಂಬಿದರೆ ದೊಡ್ಡ ಹಾಲಿಗೆ ಬದಲಾಯಿಸುವುದು, ಅದೂ ತುಂಬಿದರೆ ಷೋ ಹೆಚ್ಚಿಸುವುದು ನಮ್ಮ ನಿಯಮ. ರಾಮಿಯೇ ಬರೆದದ್ದು. ವಾರದ ದಿನಗಳಲ್ಲಿ ದೊಡ್ಡ ಹಾಲಿನ ಷೋ ಶುರುವಾಗುವುದು ಸಂಜೆಗೆ, ಅಲ್ಲಿಯವರೆಗೆ ಅದು ಖಾಲಿ. "ಸರ್, ಕಂಗ್ರಾಚುಲೇಷನ್ಸ್, ಜನ ಮುಗಿಬೀಳ್ತಾ ಇದ್ದಾರೆ. ದೊಡ್ಡ ಹಾಲಿಗೆ ಹಾಕ್ತೇನೆ" ಎಂದೆ. ಬೇಡವೆಂದರೆ ಅವನ ಗುಟ್ಟೇ ಬಯಲಾಗುತ್ತದೆ. "ಹಾಕಿ ಹಾಕಿ, ಒಳ್ಳೇದಾಯ್ತಲ್ಲ" ಎಂದ. ಮುನ್ನೂರು ಸೀಟಿನ ಹಾಲಿನಲ್ಲಿ ಮುಕ್ಕಾಲು ಖಾಲಿ ಉಳಿದರೆ ಆಕ್ಯುಪೆನ್ಸಿ ಪಾತಾಳಕ್ಕೆ ಹೋಗುತ್ತದೆ. ಪಾಪ, ಉಳಿದ ಸೀಟನ್ನೂ ಕೊಂಡ. ನಾನು ಮತ್ತೆ ಫೋನ್ ಮಾಡಿ, "ಇದೂ ಫುಲ್ ಸರ್! ಮಧ್ಯಾಹ್ನ ಎರಡಕ್ಕೆ ಇನ್ನೊಂದು ಹಾಕ್ಲಾ?" ಎಂದೆ. ಅದನ್ನೂ ಕೊಂಡ. ಪ್ರತಿ ಸಲವೂ ಅರ್ಧ ದುಡ್ಡು ನಮ್ಮ ಗಲ್ಲಾಪೆಟ್ಟಿಗೆಗೆ ಬೀಳುತ್ತಿತ್ತು. ನನ್ನ ಗಂಡ, "ಎಂತ ಐರಿನ್, ಒಬ್ಬಳೇ ನಗ್ತಾ ಇದ್ದಿ?" ಎಂದು ಅಡುಗೆಮನೆಯಿಂದ ಇಣುಕಿ ಹೋದ.

ಕೊನೆಯ ಒಗ್ಗರಣೆ ಬಾಕಿ ಇತ್ತು. ಸಿನೆಮಾ ತುಂಬಿ ಓಡಿದರೆ ಅದರ ತಂಡದವರನ್ನು ಕರೆಸಿ, ಪ್ರೇಕ್ಷಕರ ಮುಂದೆ ಕೇಕ್ ಕತ್ತರಿಸಿ ಫೋಟೋ ತೆಗೆಸುವ ಪದ್ಧತಿ ನಮ್ಮಲ್ಲಿದೆ. ನಿರ್ಮಾಪಕರ ಪ್ರತಿನಿಧಿ ಮೆಹ್ತಾ ಎಂಬವರು ಪ್ರಚಾರಕ್ಕಾಗಿ ದುಬೈಯಲ್ಲೇ ಇದ್ದರು. ಅವರಿಗೊಂದು ಮೇಲ್ ಹಾಕಿದೆ: ಭಾನುವಾರ ಎರಡೂ ಷೋ ಹೌಸ್‌ಫುಲ್, ಮಧ್ಯಾಹ್ನದ್ದಕ್ಕೆ ದಯವಿಟ್ಟು ಬನ್ನಿ. ದುಬೈಯಿಂದ ದೋಹಾಕ್ಕೆ ವಿಮಾನದಲ್ಲಿ ಒಂದು ಗಂಟೆಯ ದಾರಿ. ಖುಷಿಯಿಂದ ಬರುತ್ತೇನೆ, ರಮಾಕಾಂತನನ್ನೂ ಕರೆತರುತ್ತೇನೆ ಎಂದು ಉತ್ತರ ಬಂತು.

ರಮಾಕಾಂತ ಹೆದರಲಿಲ್ಲ. ಸೀಟು ತುಂಬಿಸಲು ಅವನಲ್ಲಿ ಉಪಾಯವಿತ್ತು: ಪುಕ್ಕಟೆ ಟಿಕೆಟ್. ಭಾನುವಾರ ಬೆಳ್ಳಂಬೆಳಿಗ್ಗೆ ನಮ್ಮ ಅಲ್ ಗರಾಫಾ ಕಡೆಯ ಕನ್ನಡದವರ ವಾಟ್ಸಾಪ್ ಗುಂಪಿಗೂ ಅವನ ಆಫೀಸಿನಿಂದ ಮೆಸೇಜ್ ಬಂತು: ಎರಡು ಗಂಟೆಗೆ ಫ್ಯಾಮಿಲಿ ಸಮೇತ ಬನ್ನಿ, ಟಿಕೆಟ್ ಫ್ರೀ. ನಮ್ಮವರ ಸ್ವಭಾವ ನಿಮಗೆ ಗೊತ್ತಲ್ಲ, ಯಾವುದಕ್ಕೂ ಮುಖಕ್ಕೆ ಹೊಡೆದ ಹಾಗೆ ಆಗುವುದಿಲ್ಲ ಎನ್ನುವುದಿಲ್ಲ. ಡ್ಯೂಟಿಗೆ ಹೋಗುವ ಕಾರಿನಲ್ಲಿ ಕೂತೇ ಸಾಲಾಗಿ ಹೆಬ್ಬೆರಳಿನ ಚಿತ್ರ ಒತ್ತಿದರು. "ಟ್ರೈ ಮಾಡ್ತೇವೆ" ಎಂದು ಬರೆದವರೂ ಇದ್ದರು. ನಾನೂ ಒಂದು ಹೆಬ್ಬೆರಳು ಒತ್ತಿದೆ. ದುಬೈಯಲ್ಲಿ ಕೂತವನು ಅದನ್ನೆಲ್ಲ ಬರುವ ತಲೆಗಳೆಂದು ಎಣಿಸಿಕೊಂಡ.

ಎರಡು ಗಂಟೆಗೆ ಹತ್ತು ನಿಮಿಷ ಇರುವಾಗ ಇಬ್ಬರೂ ಬಂದರು. ಮೆಹ್ತಾರ ಹಿಂದೆ ಕೇಕ್ ಹಿಡಿದವನೊಬ್ಬ, ಕ್ಯಾಮೆರಾದವನೊಬ್ಬ. ಲಾಬಿಯಲ್ಲಿ ನೊಣವಿಲ್ಲ. ರಮಾಕಾಂತ ನನ್ನನ್ನು ಪಕ್ಕಕ್ಕೆ ಕರೆದು ಪಿಸುಗುಟ್ಟಿದ. "ಏನ್ ಮೇಡಂ, ಯಾರೂ ಇಲ್ಲ? ರಸ್ತೆ ಏನಾದ್ರೂ ಬ್ಲಾಕಾ?"

"ಇಲ್ಲ ಸರ್. ಎಲ್ಲರಿಗೂ ಡ್ಯೂಟಿ."

"ಸಂಡೇ ಡ್ಯೂಟಿನಾ?"

"ಇದು ದುಬೈ ಅಲ್ಲ ಸರ್. ಇಲ್ಲಿ ರಜೆ ನಿನ್ನೆಗೇ ಮುಗೀತು."

ಅವನ ಮುಖ ಇಳಿದದ್ದನ್ನು ನಾನು ಕಣ್ತುಂಬ ನೋಡಿದೆ. ಬಾಯಾರಿದವಳಿಗೆ ತಣ್ಣನೆಯ ಎಳನೀರು ಸಿಕ್ಕಿದಷ್ಟು ಹಿತವಾಯಿತು, ಸುಳ್ಳು ಯಾಕೆ ಹೇಳಲಿ. ಆದರೆ ಅವನು ಇನ್ನೂ ಸೋಲೊಪ್ಪಲಿಲ್ಲ. "ಆ ಲೇಬರ್ ಕ್ಯಾಂಪಿನವನು ಇದ್ನಲ್ಲ, ಬಸ್ಸು ತುಂಬ ಜನ ತಂದಿದ್ದವನು, ಅವನ ನಂಬರ್ ಇದ್ಯಾ? ಬಸ್ ನಾನೇ ಕಳಿಸ್ತೀನಿ, ಊಟಾನೂ ಕೊಡಿಸ್ತೀನಿ. ಇಂಟರ್ವಲ್ ಒಳಗೆ ಬಂದ್ರೂ ಸಾಕು."

"ಧಾರಾಳವಾಗಿ ಉಂಟು ಸರ್" ಎಂದು ನಾನೇ ಬಸವರಾಜರ ನಂಬರ್ ಒತ್ತಿ, ಇಂಥವರು ಮಾತಾಡುತ್ತಾರೆ ಎಂದು ಹೇಳಿ, ಸ್ಪೀಕರಿಗೆ ಹಾಕಿ ಅವನ ಕೈಗೆ ಕೊಟ್ಟೆ. ಆ ಕಡೆಯಿಂದ ಡ್ರಿಲ್ಲಿಂಗ್ ಮೆಷಿನ್ನಿನ ಸದ್ದು ಕೇಳುತ್ತಿತ್ತು. ರಮಾಕಾಂತ ಜೇನಿನಂಥ ದನಿಯಲ್ಲಿ, "ಬಸವರಾಜ್ ಸಾರ್, ನಿಮ್ಮ ಹುಡುಗ್ರನ್ನೆಲ್ಲ ಈಗ್ಲೇ ಕರ್ಕೊಂಡ್ ಬನ್ನಿ, ಎಲ್ಲ ಫ್ರೀ" ಎಂದ.

ಬಸವರಾಜ್ ಯಾರಿಗೋ ಮೆಷಿನ್ ನಿಲ್ಲಿಸಲು ಹೇಳಿದರು. ಆಮೇಲೆ ಹೇಳಿದರು: "ಸಾಹೇಬ್ರ, ಇವತ್ತು ನಾವು ಕೆಲಸದಾಗ ಅದೀವ್ರಿ. ಆವತ್ತ ಒಂದ್ ಶುಕ್ರವಾರ ರೊಕ್ಕಾ ಕೊಟ್ಟು ಬಂದಿದ್ವಿ. ಆವಾಗ ನಿಮಗ ನಾವು ಬೇಕಾಗಿರಲಿಲ್ರಿ."

ಫೋನ್ ಕಟ್ ಆಯಿತು. ಅಷ್ಟರಲ್ಲಿ ಮೆಹ್ತಾ ತಾವೇ ಹಾಲಿನ ಬಾಗಿಲು ತಳ್ಳಿ ಒಳಗೆ ಹೋಗಿದ್ದರು. ನಾನೂ ಹೋದೆ. ಪರದೆಯ ಮೇಲೆ ಜಾಹೀರಾತು ಓಡುತ್ತಿತ್ತು, ಮುನ್ನೂರು ಕುರ್ಚಿಗಳಲ್ಲಿ ಒಂದು ನರಪಿಳ್ಳೆಯಿಲ್ಲ. ಈ ಟಿಕೆಟ್ಟುಗಳನ್ನು ಯಾರು ಕೊಂಡರು ಎಂದು ಮೆಹ್ತಾ ಹಿಂದಿಯಲ್ಲಿ ಕೇಳಿದರು. ನಾನೂ ಹಿಂದಿಯಲ್ಲೇ ವಿನಯದಿಂದ ಹೇಳಿದೆ: "ಎಲ್ಲ ದುಬೈಯ ಕಾರ್ಡುಗಳಿಂದಲೇ ಹೋಗಿವೆ ಸರ್. ಜನ ಅಲ್ಲಿಂದ ಬರಬೇಕೇನೋ." ಅವರು ದಡ್ಡರಲ್ಲ. ತಮ್ಮ ಪ್ರಚಾರದ ದುಡ್ಡೇ ಕಲೆಕ್ಷನ್ ಎಂಬ ವೇಷ ಹಾಕಿಕೊಂಡು ವಾಪಸ್ ಬರುತ್ತಿದೆ ಎಂದು ಅಲ್ಲೇ ಗೊತ್ತಾಯಿತು. ರಮಾಕಾಂತನಿಗೆ ಏನು ಹೇಳಿದರೋ ನಾನು ಕೇಳಲಿಲ್ಲ. ಬಾಗಿಲ ಗಾಜಿನಿಂದ ನೋಡಿದೆ, ಅವನು ತಲೆ ತಗ್ಗಿಸಿ ನಿಂತಿದ್ದ. ಕೇಕನ್ನು ಟಿಕೆಟ್ ಕೌಂಟರಿನ ಹುಡುಗಿಯರಿಗೆ ಹಂಚಿದೆ. ನಾನೂ ಎರಡು ತುಂಡು ತಿಂದೆ.

ಸೋಮವಾರ ಮೀಟಿಂಗಿಗೆ ಮುಂಚೆಯೇ ಮುಂಬೈಯ ನಿರ್ಮಾಪಕರಿಂದ ಮೇಲ್ ಬಂದಿತ್ತು: ಖತಾರಿನಲ್ಲಿ ಸಿನೆಮಾವನ್ನು ಬುಧವಾರಕ್ಕೆ ತೆಗೆಯಿರಿ, ಇನ್ನು ಮುಂದೆ ನಮ್ಮ ವ್ಯವಹಾರ ನೇರ ನಿಮ್ಮೊಂದಿಗೆ. ರಾಮಿ ಅದನ್ನು ಎರಡು ಸಲ ಓದಿ ನನ್ನ ಮುಖ ನೋಡಿದ. "ಐರಿನ್, ಇದು ನೀನು ಬೇಕೆಂತಲೇ ಮಾಡಿದ್ದಾ?" ನಾನು, "ಡಿಮ್ಯಾಂಡ್ ಇತ್ತು, ಹಾಲ್ ಕೊಟ್ಟೆ. ಮಾರಿದ ಟಿಕೆಟ್ ಮಾರಿದ್ದೇ ಅಲ್ಲವಾ?" ಎಂದೆ. ಅವನು ನಕ್ಕುಬಿಟ್ಟ. "ಯಲ್ಲಾ, ಆಗಲಿ, ಶುಕ್ರವಾರ ಸಂಜೆಗೆ ನಿನ್ನ ಸಿನೆಮಾ ಹಾಕಿಕೋ" ಎಂದ.

ಆ ರಾತ್ರಿ ರಮಾಕಾಂತ ಫೋನ್ ಮಾಡಿದ. ದನಿಯಲ್ಲಿ ಹಳೆಯ ಠೇಂಕಾರವಿರಲಿಲ್ಲ. "ಒಂದು ಮಾತು ಹೇಳಬಹುದಿತ್ತಲ್ಲ ಮೇಡಂ, ನಾವು ನಾವು ಕನ್ನಡದವರು." ಆಗ ಮಾತ್ರ ನನಗೆ ತಡೆಯಲಾಗಲಿಲ್ಲ. "ಆ ಹುಡುಗರು ಯಾವ ಭಾಷೆಯವರು ಅಂತ ಗ್ರಹಿಸಿದ್ರಿ ನೀವು? ಅವರು ಬಾಗಿಲಲ್ಲಿ ನಿಂತಾಗ ನೆನಪಾಗದ ಕನ್ನಡ ಈಗ ಎಲ್ಲಿಂದ ಬಂತು? ನಾನು ಕೌಂಟರಲ್ಲಿ ಕೂತವಳು, ಟಿಕೆಟ್ ಕೇಳಿದವರಿಗೆ ಟಿಕೆಟ್ ಕೊಡ್ಲಿಕ್ಕೆ ಮಾತ್ರ ಗೊತ್ತು" ಎಂದು ಇಟ್ಟುಬಿಟ್ಟೆ. ಆಮೇಲೆ ಅವನು ನಮ್ಮ ಕಡೆ ತಲೆ ಹಾಕಲಿಲ್ಲ.

ಶುಕ್ರವಾರ ಸಂಜೆ ಎರಡು ಬಸ್ಸು ಬಂದವು. ಟಿಕೆಟ್ ಕೈಯಲ್ಲಿದ್ದವರನ್ನು ಸೆಕ್ಯೂರಿಟಿಯವನು ತಡೆಯಲಿಲ್ಲ. ತಡೆದರೆ ಮಾತಾಡಲೆಂದು ನಾನೇ ಬಾಗಿಲಲ್ಲಿ ನಿಂತಿದ್ದೆ. ಅಲ್ ಗರಾಫಾದ ಫ್ಯಾಮಿಲಿಗಳು, ಮಕ್ಕಳು, ಕ್ಯಾಂಪಿನ ಹುಡುಗರು ಒಂದೇ ಸಾಲಿನಲ್ಲಿ ಭುಜ ತಾಗಿಸಿ ಕೂತರು. ಪರದೆಯ ಮೇಲೆ ಕನ್ನಡ ಅಕ್ಷರ ಮೂಡಿದಾಗ ಎದ್ದ ಶಿಳ್ಳೆಗೆ ಪಕ್ಕದ ಹಾಲಿನವರು ಹೊರಗೆ ಬಂದು ನೋಡಿದರು.

ಮೂವತ್ತು ವರ್ಷ ಈ ಕೆಲಸ ಮಾಡಿ ಕಲಿತದ್ದನ್ನು ಯಾರಾದರೂ ಕೇಳಿದರೆ ಹೇಳುತ್ತೇನೆ: ಹೌಸ್‌ಫುಲ್ ಎಂಬ ಬೋರ್ಡನ್ನು ಹೊರಗಿನಿಂದ ನಂಬಬೇಡಿ, ಎದ್ದು ಒಳಗೆ ಹೋಗಿ ಕುರ್ಚಿ ನೋಡಿ. ಮತ್ತು ನೀವು ಬಾಗಿಲಿಂದ ವಾಪಸ್ ಕಳಿಸಿದ ಜನರ ಮುಖ ಮರೆಯಬೇಡಿ, ಒಂದು ದಿನ ನೀವೇ ಅವರಿಗೆ ಫೋನ್ ಮಾಡಿ ಬನ್ನಿ ಎಂದು ಅಂಗಲಾಚಬೇಕಾಗುತ್ತದೆ. ಕ್ಷಮಿಸಿದ್ದೇನೆಯೇ ಎಂದೂ ಕೆಲವರು ಕೇಳುತ್ತಾರೆ. ಆ ಶುಕ್ರವಾರ ಇಂಟರ್ವಲ್ಲಿನಲ್ಲಿ ದೀಪ ಹತ್ತಿದಾಗ ನಾನು ಪರದೆಯ ಮುಂದೆ ನಿಂತು, ತುಂಬಿದ ಆ ಹಾಲಿನ ಒಂದು ಫೋಟೋ ತೆಗೆದೆ. ಬಸವರಾಜ್ ಮುಂದಿನ ಸಾಲಿನಲ್ಲಿ ಹುಡುಗರ ನಡುವೆ ಕೂತು ನಗುತ್ತಿದ್ದರು. ಅದನ್ನು ಅಲ್ಲೇ ರಮಾಕಾಂತನಿಗೆ ಕಳಿಸಿದೆ. ಅವನು ನೋಡಿದನೆಂದು ಫೋನ್ ತೋರಿಸುವವರೆಗೆ ಕಾದು, ಆಮೇಲೆಯೇ ದೀಪ ಆರಿಸಲು ಹೇಳಿದೆ.