ವೀರೇಶಪ್ಪ ತಾತನ ಮೂಗು

ವೀರೇಶಪ್ಪ ತಾತ ಯಾವ ಪುಡಿಯನ್ನೂ ನಂಬುತ್ತಿರಲಿಲ್ಲ. ಅಂಗೈಗೆ ಒಂದಿಷ್ಟು ಸುರಿದುಕೊಂಡು ಮುಷ್ಟಿ ಬಿಗಿದು, ಕಳ್ಳನನ್ನು ಹಿಡಿದವರಂತೆ ಸ್ವಲ್ಪ ಹೊತ್ತು ಹಾಗೇ ಕೂರುವರು. ಬೆರಳು ಬಿಡಿಸಿದಾಗ ಪುಡಿ ಉದುರಿದರೆ ಸರಿ; ಉಂಡೆಗಟ್ಟಿದರೆ ಒಳಗೆ ಪಸೆ ಉಳಿದಿದೆ ಎಂದರ್ಥ. ಆಮೇಲೆ ಮೂಗಿನ ಸರದಿ. "ಹಣ್ಣು ಸುಳ್ಳು ಹೇಳಂಗಿಲ್ಲವ್ವ. ಪುಡಿ ಆದ ಮ್ಯಾಲ ಕಲೀತೈತಿ" ಎನ್ನುವರು.

ಕುರುಗೋಡಿನ ಅಂಚಿನಲ್ಲಿ ಶಾಂತಕ್ಕ ನಡೆಸುವ ಹಣ್ಣಿನ ಪುಡಿಯ ಘಟಕದಲ್ಲಿ ನಾನು ದಾಖಲೆ ಬರೆಯುತ್ತೇನೆ: ತಾರೀಖು, ಹಣ್ಣು, ಒಣಗಿಸಿದ ರೀತಿ, ಹಿಡಿದ ತಾಸು. ತಾತ ಹ್ಞೂಂ ಅನ್ನದೆ ಒಂದು ಪೊಟ್ಟಣವೂ ಬಳ್ಳಾರಿಗೆ ಹೋಗುತ್ತಿರಲಿಲ್ಲ. ಬಿಸಿಲಿನಲ್ಲಿ ಒಣಗಿದ್ದು ಕಂದಿರುತ್ತದೆ, ರಸ್ತೆಯ ಧೂಳನ್ನೂ ಕುಡಿದಿರುತ್ತದೆ. ಯಂತ್ರದಲ್ಲಿ ಅವಸರದ ಕಾವು ಕೊಟ್ಟರೆ ಹೋಳಿನ ಮೇಲ್ಮೈ ಗಟ್ಟಿಯಾಗಿ ಪಸೆ ಒಳಗೇ ಸಿಕ್ಕಿಬೀಳುತ್ತದೆ, ಅಂಚು ಸೀಯುತ್ತದೆ. ಸಣ್ಣ ಕಾವಿನಲ್ಲಿ ನಿಧಾನವಾಗಿ ಒಣಗಿದ್ದಕ್ಕೆ ಮಾತ್ರ ಹಣ್ಣಿನ ಬಣ್ಣವೂ ಪರಿಮಳವೂ ಉಳಿಯುತ್ತವೆ. ಇದೆಲ್ಲ ನಾನು ಕಲಿತದ್ದು ತಾತನ ಬೈಗುಳದಿಂದ.

ಸಿರುಗುಪ್ಪದ ವ್ಯಾಪಾರಿಯೊಬ್ಬ ಒಮ್ಮೆ ಥಳಥಳ ಹೊಳೆಯುವ ಪಪ್ಪಾಯಿ ಪುಡಿ ತಂದ. "ಬಿಸಿಲಾಗ ಒಣಗಿಸಿದ್ರಿ ಯಜಮಾನ್ರ" ಎಂದ. ತಾತ ಹೆಗಲ ಮೇಲಿನ ಬಿಳಿ ಟವೆಲಿನ ತುದಿ ಒದ್ದೆ ಮಾಡಿ ಪುಡಿಗೆ ಒತ್ತಿದರು. ಮೂಡಿದ ಕಲೆ ಸೋಪು ಹಾಕಿ ತಿಕ್ಕಿದರೂ ಹೋಗಲಿಲ್ಲ. "ಮೂರು ದಿನ ಬಿಸಿಲಾಗ ಬಿದ್ದಿದ್ದಕ್ಕ ಇಷ್ಟು ಬಣ್ಣ ಎಲ್ಲಿಂದ ಬಂತಲೇ? ಯಾರ ಮದುವಿಗೆ ಹೊಂಟೈತಿ ಇದು?" ವ್ಯಾಪಾರಿ ಚೀಲ ಕಟ್ಟಿಕೊಂಡು ಹೊರಟ.

ಮಳೆಗಾಲದಲ್ಲಿ ಜ್ವರ ಬಂದು, ಹದಿನೈದು ದಿನ ಬಿಟ್ಟು ಬಂದ ತಾತ ಬದಲಾಗಿದ್ದರು. ಪುಡಿಯನ್ನು ಮೂಗಿಗೆ ಹಿಡಿದು, ನನ್ನ ಕಡೆ ಸರಿಸಿ, "ಮೊದ್ಲು ನೀ ಹೇಳು" ಎನ್ನುವರು. ಹೇಳಿದರೆ, "ಹ್ಞೂಂ, ನನಗೂ ಹಂಗ ಅನಸ್ತು." ಕಲಿಸುತ್ತಿದ್ದಾರೆ ಅಂದುಕೊಂಡೆ. ಆದರೂ ಕೇಳಿದಾಗಲೆಲ್ಲ ಡೈರಿಯಲ್ಲಿ ಒಂದೊಂದು ಗೀಟು ಹಾಕುತ್ತ ಬಂದೆ. ಹತ್ತೊಂಬತ್ತು ಗೀಟು, ಹತ್ತೊಂಬತ್ತು ಸಲವೂ ಅವರು ಒಪ್ಪಿದ್ದರು. ಜ್ವರಕ್ಕೆ ಮುಂಚೆ ನನ್ನ ಮಾತು ಒಪ್ಪಿದ್ದು ಎರಡೇ ಸಲ. ಜ್ವರದಿಂದ ತಾತನಿಗೆ ವಾಸನೆಯೇ ತಿಳಿಯದಂತಾಯಿತೇ ಎಂದು ಅನುಮಾನ ಹುಟ್ಟಿತು. ಮೂಗು ಹೋಗಿದ್ದರೆ ಎಂದಾದರೊಂದು ದಿನ ಸೀದ ಪುಡಿ ನಮ್ಮ ಹೆಸರಿನಲ್ಲಿ ಹೊರಗೆ ಹೋಗುತ್ತದೆ. ಹೋಗಿದೆ ಎಂದು ಶಾಂತಕ್ಕನಿಗೆ ಹೇಳಿದರೆ ತಾತನ ಕುರ್ಚಿ ಹೋಗುತ್ತದೆ.

ಒಂದು ಮಂಗಳವಾರ, ಹೆಚ್ಚು ಕಾವಿನಲ್ಲಿ ಸೀದಿದ್ದ ಅಂಜೂರದ ಪುಡಿಯನ್ನು ಬೇಕೆಂದೇ ಅವರ ಮುಂದಿಟ್ಟೆ.

"ಏನಂತೈತಿ?"

"ಚೊಲೊ ಐತ್ರಿ ತಾತ. ಹಣ್ಣಿನ ವಾಸ್ನಿನ ಐತಿ."

ಅವರು ಮೂಗಿಗೆ ಹಿಡಿದರು. ಕಣ್ಣು ಮಾತ್ರ ನನ್ನ ಮುಖದ ಮೇಲಿತ್ತು. ಸಕ್ಕರೆ ಕಾಯಿಲೆಯೆಂದು ಹಣ್ಣನ್ನು ಬಾಯಿಗೇ ಹಾಕದವರು ಒಂದು ಚಿಟಿಕೆ ನಾಲಿಗೆಯ ಮೇಲಿಟ್ಟುಕೊಂಡರು.

"ಮೂಗು ಹೋಗೈತವ್ವ, ಖರೆ. ನಾಲಿಗಿಗೆ ಕಹಿ ಇನ್ನೂ ತಿಳಿತೈತಿ." ಟವೆಲಿಗೆ ಕೈ ಒರೆಸಿಕೊಂಡರು. "ಊರ ಮಂದಿನೆಲ್ಲ ಅನುಮಾನ ಮಾಡಿದೆ. ನಿನ್ನೊಬ್ಬಾಕಿ ಮಾತು ನಂಬಿದ್ದೆ."

ಸಂಜೆ ಶಾಂತಕ್ಕನಿಗೆ ಮೂಗು ಹೋದದ್ದನ್ನು ತಾವೇ ಹೇಳಿದರು. "ಇನ್ ಮ್ಯಾಲ ಆ ಹುಡುಗಿ ನೋಡ್ಲಿ. ಮೂಗು ಚೊಲೊ ಐತಿ ಆಕಿದು" ಎಂದಷ್ಟೇ ಹೇಳಿ ತಮ್ಮೂರು ಬಾದನಹಟ್ಟಿಯ ಬಸ್ಸು ಹತ್ತಿದರು. ಮತ್ತೆ ಬರಲಿಲ್ಲ.

ಈಗ ಆ ಕುರ್ಚಿಯಲ್ಲಿ ನಾನು ಕೂರುತ್ತೇನೆ. ಆ ಮಂಗಳವಾರದ ಸಾಲನ್ನು ಇದ್ದಂತೆಯೇ ಬರೆದಿಟ್ಟಿದ್ದೇನೆ: ಅಂಜೂರ, ಯಂತ್ರ, ಹೆಚ್ಚು ಕಾವು, ಸೀದ ವಾಸನೆ. ತಾತನಿಗೆ ಹೇಳಿದ್ದು: ಚೆನ್ನಾಗಿದೆ.