ಕಡತದ ಬೆನ್ನಿಗೆ ಕುಮಟೆಯವರೆಗೆ

ಭಟ್ಕಳದ ಕೋರ್ಟಿನಲ್ಲಿದ್ದ ನನ್ನ ಕೇಸು ಕುಮಟೆಯ ಕೋರ್ಟಿಗೆ ವರ್ಗವಾಗಿ ಹೊರಟ ದಿನ ನಾನೂ ಅದರ ಜೊತೆಗೇ ಹೊರಟೆ. ಯಾರೂ ಕರೆದಿರಲಿಲ್ಲ. "ಕಡತ ಜವಾನರ ಕೈಯಲ್ಲಿ ಮುದ್ದಾಂ ಹೋಗ್ತದೆ. ನೀವು ಮುಂದಿನ ತಾರೀಖಿಗೆ ಬಂದ್ರೆ ಸಾಕು" ಎಂದಿದ್ದರು ವಕೀಲರು. ಬಸ್ಸಿನಲ್ಲಿ ಅರವತ್ತು ಕಿಲೋಮೀಟರು ಹೋಗುವ ಕಾಗದವನ್ನು ಕಣ್ಣಲ್ಲಿ ಕಾಣದೆ ನಂಬುವವನು ನಾನಲ್ಲ. ಕಾಯ್ಕಿಣಿಯಿಂದ ಬೆಳಿಗ್ಗೆಯೇ ಭಟ್ಕಳಕ್ಕೆ ಬಂದು ಬಸ್ ಸ್ಟ್ಯಾಂಡಿನಲ್ಲಿ ಕಾದೆ.

ನಾನು ಕಲ್ಲು ಕಟ್ಟುವವನು. ಶಾಲೆಯನ್ನು ಐದನೇ ಇಯತ್ತೆಗೇ ಬಿಟ್ಟೆ. ಕಟ್ಟಿದ ಗೋಡೆ ಈವರೆಗೆ ಒಂದೂ ಬಿದ್ದಿಲ್ಲ. ಹಿಂದೆ ನೆರೆಮನೆಯ ಯಜಮಾನರಿಗೆ ಬಾವಿ ಕಟ್ಟಿಕೊಟ್ಟಿದ್ದೆ. ಕೂಲಿ ಬೇಡ, ನಿಮ್ಮ ಹಿತ್ತಲ ಅಂಚಿನಲ್ಲಿ ರಸ್ತೆಗೆ ಹೋಗಲು ದಾರಿ ಬಿಡಿ ಎಂದೆ. ಅವರು ಛಾಪಾ ಕಾಗದದಲ್ಲಿ ಬರೆಸಿ ಸಹಿ ಹಾಕಿದರು. ಅವರು ತೀರಿಕೊಂಡ ಮೇಲೆ ಮಗ ಈಶ್ವರ, ಸಹಿ ಅಪ್ಪನದಲ್ಲ ಎಂದು ದಾರಿಗೆ ಗೇಟು ಹಾಕಿದ. ಅಂದಿನಿಂದ ಗದ್ದೆಯಂಚಿನ ಮೇಲೆ ನಮ್ಮ ಓಡಾಟ. ನಾನು ಕೋರ್ಟಿಗೆ ಹೋದೆ. ಕಡತದಲ್ಲಿರುವ ಆ ಒಂದು ಕಾಗದ ಕಳೆದರೆ ದಾರಿಯೂ ಹೋದಂತೆಯೇ. ಈಶ್ವರನ ಭಾವ ಭಟ್ಕಳದಲ್ಲಿ ವಕೀಲರೊಬ್ಬರ ಗುಮಾಸ್ತ, ದಿನವೂ ಕೋರ್ಟಿನ ಅಂಗಳದಲ್ಲೇ ಇರುವವನು. ಅದಕ್ಕೇ ಕಾರವಾರದ ಜಿಲ್ಲಾ ಕೋರ್ಟಿಗೆ ಅರ್ಜಿ ಹಾಕಿ ಕೇಸು ವರ್ಗ ಮಾಡಿಸಿದ್ದೆ.

ಹತ್ತೂವರೆಗೆ ಜವಾನರು ಬಂದರು. ನೌಕರಿ ಮುಗಿಯುತ್ತ ಬಂದ ವಯಸ್ಸು. ಬಗಲಲ್ಲಿ ಬಟ್ಟೆ ಸುತ್ತಿದ ಕಟ್ಟು. ಕಣ್ಣಳತೆಯಲ್ಲಿ ನಾಲ್ಕು ಬೆರಳು ದಪ್ಪ. ಅವರ ಹಿಂದಿನ ಸೀಟಿನಲ್ಲೇ ಕುಳಿತು ಎಂಬತ್ತು ರೂಪಾಯಿಯ ಟಿಕೆಟ್ ತೆಗೆದುಕೊಂಡೆ. ಬಸ್ಸು ನಮ್ಮೂರಿನ ಸ್ಟಾಪನ್ನೇ ಹಾದುಹೋಯಿತು. ಬೆಳಗಿನ ಟಿಕೆಟ್ಟು ದಂಡ. ಮುರ್ಡೇಶ್ವರ ದಾಟಿದ ಮೇಲೆ ಸೆಕೆಗೆ ಜವಾನರು ಕಟ್ಟನ್ನು ತೊಡೆಯ ಮೇಲಿಟ್ಟು, ಅದರ ಮೇಲೇ ಒರಗಿ ಗೊರಕೆ ಹೊಡೆದರು. ನಾನು ಕಣ್ಣು ಮುಚ್ಚಲಿಲ್ಲ. ಶರಾವತಿ ಸೇತುವೆ ಬಂದಾಗಲೂ ಎಲ್ಲರೂ ಹೊಳೆ ನೋಡಿದರು, ನಾನು ಕಟ್ಟು ನೋಡಿದೆ.

ಹೊನ್ನಾವರದಲ್ಲಿ ಹತ್ತು ನಿಮಿಷ ನಿಲುಗಡೆ. ಜವಾನರು ಎದ್ದಾಗ ಕಟ್ಟು ಮೂರೇ ಬೆರಳು! ಅವರು ಕಟ್ಟಿನ ಸಮೇತ ಮೂತ್ರಖಾನೆಗೆ ಹೋದರು. ನಾನು ಅದರ ಬಾಗಿಲಿಗೆ ಹೋಗಿ ನಿಂತರೆ, ಪಕ್ಕದಲ್ಲಿ ಈಶ್ವರ! ಭಟ್ಕಳದಲ್ಲೇ ಬಸ್ಸಿನ ಹಿಂದಿನ ಬಾಗಿಲಿಂದ ಹತ್ತಿ ಕೊನೆಯ ಸೀಟಿನಲ್ಲಿ ಕುಳಿತಿದ್ದನಂತೆ.

"ನೀ ಎಂತಕ್ಕೆ ಬಂದ್ಯೋ?"

"ನೀವು ಎಂತಕ್ಕೆ ಬಂದ್ರಿ ಮಂಜಣ್ಣ? ನಾನೂ ಅದಕ್ಕೇ. ಆ ಸುಳ್ಳು ಸಹಿ ದಾರೀಲಿ ಮಾಯ ಆದ್ರೆ ನಾ ಎಂತ ತೋರ್ಸೂದು?"

"ಮಾಯ ಮಾಡೂದು ನಿನ್ನ ಭಾವನ ಕೆಲ್ಸ."

ಜವಾನರು ಹೊರಬಂದು ಇಬ್ಬರನ್ನೂ ನೋಡಿದರು. "ಇಲ್ಲಿಗೂ ಬಂದ್ರಾ? ಮಂತ್ರಿಗೂ ಇಷ್ಟು ಕಾವಲು ಇಲ್ಲ ಮಾರಾಯ್ರೆ!"

"ಕಟ್ಟು ಸಪೂರ ಆಗಿದ್ಯಲ್ಲ?" ಎಂದೆ.

"ಮೇಲೆ ಒರಗಿ ನಿದ್ದೆ ಮಾಡಿದ್ದೆ. ಉಬ್ಬಿಕಂಡೇ ಇರೂಕೆ ಅದೆಂತ ಪೂರಿಯ? ಇಬ್ರೂ ಬಂದು ನನ್ನ ಆಚೆ ಈಚೆ ಕೂತ್ಕಳಿ."

ಮೂವರ ಸೀಟು. ಕುಮಟೆಯವರೆಗೆ ಇಬ್ಬರ ಕಣ್ಣೂ ಕಟ್ಟಿನ ಮೇಲೇ.

ಕುಮಟೆಯ ಕೋರ್ಟಿನಲ್ಲಿ ಗುಮಾಸ್ತೆಯಮ್ಮ ಕಟ್ಟು ಬಿಚ್ಚಿ ಯಾದಿ ಹಿಡಿದು ಒಂದೊಂದೇ ಹಾಳೆ ತಾಳೆ ನೋಡಿದರು. ಛಾಪಾ ಕಾಗದ ಬಂದಾಗ ಇಬ್ಬರೂ ಬಗ್ಗಿದೆವು.

"ತಲೆ ತೆಗೀರಿ, ಬೆಳಕು ಬರೂದಿಲ್ಲ."

ಬಾವಿ ಮುಗಿದ ದಿನ ನನ್ನ ಬೆರಳಿನಿಂದ ತಾಗಿದ ಸುಣ್ಣದ ಗುರುತು ಮೂಲೆಯಲ್ಲಿ ಹಾಗೇ ಇತ್ತು. ಹಾಳೆ ಒಂದೂ ಕಡಿಮೆಯಿರಲಿಲ್ಲ. ನಾನು ನೆಟ್ಟಗೆ ನಿಂತೆ. ಈಶ್ವರ ಮಾತ್ರ ಆ ಸಹಿಯ ಮೇಲೆ ಬಗ್ಗಿಯೇ ಇದ್ದ.

ಒಂದೇ ಹೋಟೆಲಿನಲ್ಲಿ ಬೇರೆ ಬೇರೆ ಮೇಜಿನಲ್ಲಿ ಬನ್ಸ್ ತಿಂದು, ಒಂದೇ ಬಸ್ಸಿನಲ್ಲಿ ತಿರುಗಿ ಬಂದೆವು. ಇಳಿದಾಗ ಮುಸ್ಸಂಜೆ. ಅವನು ಮುಂದೆ ಹೋಗಿ ಗೇಟು ತೆರೆದು ಹಿಡಿದ.

"ಕತ್ತಲಾತು ಮಂಜಣ್ಣ. ಇಲ್ಲೇ ಹೋಗಿ."

ಇವನಿಗೆ ಅಪ್ಪನ ಸಹಿಯ ಗುರುತು ಸಿಕ್ಕಿತೋ, ಇದು ಭಾವ ಹೇಳಿಕೊಟ್ಟ ಬುದ್ಧಿಯೋ? "ಅವನು ಬಿಟ್ಟ ಅಂತ ನಡೆದ್ರೆ ಅದು ಅವನ ದಯೆ ಆಗ್ತದೆ, ನಿಮ್ಮ ಹಕ್ಕಲ್ಲ" ಎಂದು ವಕೀಲರು ಮೊದಲೇ ಎಚ್ಚರಿಸಿದ್ದರು. ಬಾವಿ ಕಟ್ಟಿ ಪಡೆದ ದಾರಿಯಲ್ಲಿ ಅವನ ದಯೆಯಿಂದ ನಡೆಯಲೇ?

"ಕೋರ್ಟು ಹೇಳ್ಲಿ" ಎಂದು ಗದ್ದೆಯಂಚಿಗೆ ಇಳಿದೆ. ಕಾಲು ಎರಡು ಸಲ ಕೆಸರಿಗೆ ಜಾರಿತು. ಮನೆಯ ಮೆಟ್ಟಿಲು ಹತ್ತಿ ತಿರುಗಿ ನೋಡಿದರೆ, ಗೇಟು ಇನ್ನೂ ತೆರೆದೇ ಇತ್ತು. ಈಶ್ವರ ಅದನ್ನು ಹಿಡಿದುಕೊಂಡೇ ನಿಂತಿದ್ದ.